ಸೀರಿಯಂ ನ್ಯಾನೋಕಣ ಜೀವಕೋಶವನ್ನು ನಿಜಕ್ಕೂ ಕಾಪಾಡಿತೇ? ಪ್ಲೇಟಿನ ಮೇಲೆ ಪರೀಕ್ಷಿಸುವ ಬಗೆ

ಸೀರಿಯಂ ಆಕ್ಸೈಡಿನ ನ್ಯಾನೋಕಣ ಕೊಟ್ಟ ಮಾನವ ಜೀವಕೋಶಗಳು ಹೈಡ್ರೋಜನ್ ಪೆರಾಕ್ಸೈಡಿನ ಹೊಡೆತ ತಾಳಿಕೊಂಡು ಉಳಿಯುತ್ತವೆ ಎಂದು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಒಂದು 96 ವೆಲ್ ಪ್ಲೇಟು (96 ಸಣ್ಣ ಕುಳಿಗಳ ತಟ್ಟೆ), ಬದುಕಿರುವ ಕೋಶದಲ್ಲಿ ನೇರಳೆಯಾಗುವ ಎಂಟಿಟಿ ಬಣ್ಣ ಸ್ವಲ್ಪ, ನಾಲ್ಕು ದಿನದ ಸಮಯ ಇದ್ದರೆ ಗ್ರಾಫಿನಲ್ಲಿ ಕಂಬ ಮೇಲೇಳುತ್ತದೆ. ಕಷ್ಟ ಇರುವುದು ಆ ಕಂಬಕ್ಕೆ ಅರ್ಥ ಹೇಳುವುದರಲ್ಲಿ. ಸೀರಿಯಂ ಆಕ್ಸೈಡ್ ತಾನೇ ಪೆರಾಕ್ಸೈಡನ್ನು ಒಡೆಯುವ ವಸ್ತು. ಕೋಶದ ಸುತ್ತಲಿನ ಮೀಡಿಯಂನಲ್ಲಿ (ಕೋಶ ಬೆಳೆಯುವ ಪೋಷಕ ದ್ರವದಲ್ಲಿ) ಕಣ ಉಳಿದಿದ್ದರೆ ಪೆರಾಕ್ಸೈಡ್ ಕೋಶವನ್ನು ಮುಟ್ಟುವ ಮೊದಲೇ ಮುಗಿದಿರುತ್ತದೆ. ಆಗ ನೀವು ಅಳೆದದ್ದು ಕೋಶಕ್ಕೆ ಸಿಕ್ಕ ರಕ್ಷಣೆಯನ್ನಲ್ಲ, ಕಡಿಮೆಯಾದ ವಿಷವನ್ನು. ಆದ್ದರಿಂದ ಇಡೀ ಪ್ರಯೋಗವನ್ನು ಒಂದೇ ಪ್ರಶ್ನೆಯ ಸುತ್ತ ಕಟ್ಟಬೇಕು: ಪೆರಾಕ್ಸೈಡ್ ಎಲ್ಲಿ ಮುಗಿಯಿತು, ಕೋಶದ ಹೊರಗೋ ಒಳಗೋ?

ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯಿಂದ ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಪುಣೆ, ಮುಂಬೈಗೆ ಬಂದು ಕಲ್ಚರ್ ರೂಮು ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ. ಈ ಕೆಲಸಕ್ಕೆ ಈ ಊರುಗಳು ಅನುಕೂಲ. ದೇಶದ ಜೀವಕೋಶ ಭಂಡಾರವಿರುವ ಎನ್‌ಸಿಸಿಎಸ್ ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡ್ ಆವರಣದಲ್ಲೇ ಇದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ, ಸೀರಿಯಂ ಪ್ರಮಾಣ ಅಳೆಯುವುದಕ್ಕೆ ಪವಯಿಯ ಐಐಟಿಯಲ್ಲಿರುವ ಸೈಫ್ ಎಂಬ ಉಪಕರಣ ಕೇಂದ್ರವಿದೆ. ಅಲ್ಲಿ ಹೊರಗಿನವರೂ ಶುಲ್ಕ ಕಟ್ಟಿ ಸ್ಯಾಂಪಲ್ ಕೊಡಬಹುದು.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿರುವ ಕೋಶಗಳಿಗೆ ಮಾತ್ರ. ಈ ಕಣವನ್ನು ಚರ್ಮಕ್ಕೆ ಹಚ್ಚುವುದು, ನುಂಗುವುದು, ಒಣಪುಡಿಯಾಗಿ ಉಸಿರಿಗೆ ಎಳೆದುಕೊಳ್ಳುವುದು ಯಾವುದೂ ಸಲ್ಲದು. ಉಸಿರಿನ ಮೂಲಕ ಹೋದ ಸೀರಿಯಂ ಆಕ್ಸೈಡ್ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ತರುತ್ತದೆಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ಕಣವನ್ನು ಯಾವಾಗಲೂ ನೀರಿನಲ್ಲೇ ಇಡಿ, ಪುಡಿ ಮಾಡಲು ಹೋಗಬೇಡಿ.

ಕಣ ಕೆಲಸ ಮಾಡುವ ರೀತಿ

ಸೀರಿಯಂ ಆಕ್ಸೈಡಿನ ಮೇಲ್ಮೈಯಲ್ಲಿ ಸೀರಿಯಂ 3+ ಮತ್ತು 4+ ಎರಡೂ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತ ಇರುತ್ತವೆ. ಇದರಿಂದಲೇ ಕಣ ಒಂದು ಸಲ ಕೆಲಸ ಮಾಡಿ ಮುಗಿದುಹೋಗದೆ ಮತ್ತೆ ಮತ್ತೆ ದುಡಿಯುತ್ತದೆ. 3+ ಹೆಚ್ಚಿದ್ದರೆ ಅದು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದಂತೆ ವರ್ತಿಸುತ್ತದೆ, 4+ ಹೆಚ್ಚಿದ್ದರೆ ಕ್ಯಾಟಲೇಸ್‌ನಂತೆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಕಣ ಚಿಕ್ಕದಾದಷ್ಟೂ 3+ ಪಾಲು ಜಾಸ್ತಿ.

ಇದರಲ್ಲಿ ಎರಡು ಬಲೆಗಳಿವೆ. ಒಂದು, ಫಾಸ್ಫೇಟ್. ಅದು ಮೇಲ್ಮೈಯ 3+ ಸೀರಿಯಂಗೆ ಅಂಟಿಕೊಂಡು ಸೂಪರ್‌ಆಕ್ಸೈಡ್ ಒಡೆಯುವ ಗುಣವನ್ನು ಕೊಲ್ಲುತ್ತದೆ, ಕ್ಯಾಟಲೇಸ್ ಗುಣ ಮಾತ್ರ ಉಳಿಯುತ್ತದೆ. ಕೈ ತನ್ನಿಂತಾನೇ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು) ಬಾಟಲಿಯ ಕಡೆ ಹೋಗುತ್ತದೆ. ಕಣವನ್ನು ಪಿಬಿಎಸ್‌ನಲ್ಲಿ ತೆಳುಮಾಡಿ ಫ್ರಿಜ್ಜಿನಲ್ಲಿಟ್ಟರೆ ವಾರದ ನಂತರ ನಿಮ್ಮ ಕೈಲಿರುವುದು ಬೇರೆಯೇ ಕಣ. ಎರಡನೆಯದು ಆಮ್ಲತೆ. ಪಿಎಚ್ ಇಳಿದಂತೆ ಇದೇ ಕಣ ಆಕ್ಸಿಡೇಸ್‌ನಂತೆ ತಿರುಗಿ ಬೀಳುತ್ತದೆ, ಬಣ್ಣದ ರಾಸಾಯನಿಕಗಳನ್ನು ತಾನೇ ಉತ್ಕರ್ಷಿಸುತ್ತದೆ. ಹಳದಿಗೆ ತಿರುಗಿದ ಹಳೆಯ ಮೀಡಿಯಂನಲ್ಲಿ ಮಾಡಿದ ಪ್ರಯೋಗವನ್ನು ನಂಬಲಾಗದ್ದು ಇದಕ್ಕೇ.

ಕಣ ತಯಾರಿ

ಹೊದಿಕೆಯಿಲ್ಲದ ಸೀರಿಯಂ ಆಕ್ಸೈಡ್ ಕೋಶದ ಮೀಡಿಯಂಗೆ ಬಿದ್ದ ಕೂಡಲೇ ಗುಂಪುಗಟ್ಟಿ ತಳ ಸೇರುತ್ತದೆ. ಡೆಕ್‌ಸ್ಟ್ರಾನ್ (ಸಕ್ಕರೆ ಅಣುಗಳ ಸರಪಳಿ) ಹೊದಿಕೆ ಇದ್ದರೆ ತಟಸ್ಥ ಪಿಎಚ್‌ನಲ್ಲೂ ಹರಡಿಕೊಂಡಿರುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಸರಿ.

ಸೀರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ 434 ಮಿಲಿಗ್ರಾಂ ತೂಗಿ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇಲ್ಲದ ಶುದ್ಧ ನೀರಿನಲ್ಲಿ ಕರಗಿಸಿ ಒಟ್ಟು 1 ಮಿಲೀ ಮಾಡಿ. ಇದು 1 ಮೋಲಾರ್. 10 ಕಿಲೋಡಾಲ್ಟನ್ ಡೆಕ್‌ಸ್ಟ್ರಾನ್ 2 ಗ್ರಾಂ ತೆಗೆದುಕೊಂಡು, ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಒಟ್ಟು 2 ಮಿಲೀ ಆಗುವಂತೆ ಕರಗಿಸಿ. ಇದು 0.1 ಮೋಲಾರ್, ಅಂಟಂಟಾದ ಪಾಕ. ಪಿಪೆಟ್ಟಿನಲ್ಲಿ ಎಳೆಯುವಾಗ ಅವಸರ ಮಾಡಿದರೆ ಗುಳ್ಳೆ ಸೇರಿ ಅಳತೆ ತಪ್ಪುತ್ತದೆ. ಎರಡನ್ನೂ ಬೆರೆಸಿ.

ಸಣ್ಣ ಬೀಕರಿನಲ್ಲಿ 6 ಮಿಲೀ ಗಾಢ ಅಮೋನಿಯಾ ದ್ರಾವಣ ಹಾಕಿ ಮ್ಯಾಗ್ನೆಟಿಕ್ ಸ್ಟರರ್ ಮೇಲಿಡಿ. ಇದು ಫ್ಯೂಮ್ ಹುಡ್ ಒಳಗೆ ಮಾತ್ರ ಮಾಡುವ ಕೆಲಸ. ಪ್ರಕಟವಾದ ಪದ್ಧತಿಯಲ್ಲಿ 30 ಶೇಕಡಾ ಎಂದಿರುತ್ತದೆ, ನಮ್ಮಲ್ಲಿ ಸುಲಭಕ್ಕೆ ಸಿಗುವುದು 25 ಶೇಕಡಾ. ಅಮೋನಿಯಾ ಹೇಗೂ ಬೇಕಾದ್ದಕ್ಕಿಂತ ತುಂಬಾ ಹೆಚ್ಚೇ ಇರುವುದರಿಂದ ಇದರಿಂದ ನಡೆಯುತ್ತದೆ, ಆದರೆ ಯಾವುದನ್ನು ಬಳಸಿದಿರಿ ಎಂದು ಪುಸ್ತಕದಲ್ಲಿ ಬರೆದಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಅಮೋನಿಯಾ ಬಾಟಲಿಯನ್ನು ಐಸಿನಲ್ಲಿ ತಣ್ಣಗೆ ಮಾಡಿಯೇ ಮುಚ್ಚಳ ತೆಗೆಯಿರಿ. ಬಿಸಿಲಿಗೆ ಒಳಗೆ ಒತ್ತಡ ಕಟ್ಟಿರುತ್ತದೆ, ಮುಖಕ್ಕೆ ಚಿಮ್ಮುತ್ತದೆ.

ಸೀರಿಯಂ-ಡೆಕ್‌ಸ್ಟ್ರಾನ್ ಮಿಶ್ರಣವನ್ನು ಅಮೋನಿಯಾಕ್ಕೆ ಹನಿಹನಿಯಾಗಿ ಹಾಕಿ. ಅಮೋನಿಯಾವನ್ನು ಸೀರಿಯಂಗೆ ಹಾಕಬೇಡಿ. ಹಾಗೆ ಮಾಡಿದರೆ ಪಿಎಚ್ ನಿಧಾನಕ್ಕೆ ಏರುತ್ತ ದೊಡ್ಡ ಕಣಗಳು ಬೆಳೆಯುತ್ತವೆ. ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಕದಡುತ್ತಿರಲಿ. ಕಂದು ಬಣ್ಣ ಬಂದು ಕೊನೆಗೆ ಜೇನುಹಳದಿಯ ಪಾರದರ್ಶಕ ದ್ರವವಾಗಬೇಕು. ಬೀಕರಿನ ಹಿಂದೆ ಇಟ್ಟ ಅಕ್ಷರ ಓದಲು ಬಂದರೆ ಸರಿ. ಹಾಲು ಹಾಕಿದಂತೆ ಮಸುಕಾಗಿದ್ದರೆ ಕಣ ಗುಂಪುಗಟ್ಟಿದೆ: ಹೆಚ್ಚಾಗಿ ಡೆಕ್‌ಸ್ಟ್ರಾನ್ ಪೂರ್ತಿ ಕರಗಿರುವುದಿಲ್ಲ, ಇಲ್ಲವೇ ಹನಿ ಹಾಕುವಾಗ ಕದಡುವಿಕೆ ನಿಧಾನವಾಗಿರುತ್ತದೆ. ಅದನ್ನು ಸೋನಿಕೇಟರಿಗೆ ಹಾಕಿ ಉಳಿಸಲು ಹೋಗದೆ ಮತ್ತೆ ಮಾಡುವುದೇ ಒಳ್ಳೆಯದು.

ಈಗ ತೊಳೆಯುವುದು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಮೊದಲು 4000 ಆರ್‌ಪಿಎಂನಲ್ಲಿ 30 ನಿಮಿಷ ಎರಡು ಸಲ ತಿರುಗಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ತೆಗೆದುಕೊಳ್ಳಿ. ಆಮೇಲೆ 30 ಕಿಲೋಡಾಲ್ಟನ್ ಸೆಂಟ್ರಿಫ್ಯೂಜ್ ಫಿಲ್ಟರಿನಲ್ಲಿ ಶುದ್ಧ ನೀರು ತುಂಬುತ್ತ, ಕಣವನ್ನು ಮೇಲೆ ಉಳಿಸಿಕೊಂಡು, ಕೆಳಗಿಳಿದ ನೀರು ಚೆಲ್ಲುತ್ತ ಆರು ಸಲವಾದರೂ ತೊಳೆಯಿರಿ. ಕೆಳಗಿಳಿದ ನೀರಿನ ಪಿಎಚ್ ಕಾಗದ ತಟಸ್ಥ ತೋರಿಸಬೇಕು, ಅಮೋನಿಯಾ ವಾಸನೆ ಕಿಂಚಿತ್ತೂ ಇರಬಾರದು. ಕೊನೆಯ ತೊಳೆತದಲ್ಲಿ ಕೆಳಗಿಳಿದ ನೀರನ್ನು ಚೆಲ್ಲಬೇಡಿ, 2 ಮಿಲೀ ಎತ್ತಿಡಿ. ನಿಮ್ಮ ಪ್ರಯೋಗದ ಅತ್ಯಂತ ಬೆಲೆಬಾಳುವ ಕಂಟ್ರೋಲ್ ಅದು; ಅದರ ಉಪಯೋಗ ಮುಂದೆ ಬರುತ್ತದೆ.

ಕೊನೆಗೆ ಕಲ್ಚರ್ ಹುಡ್‌ನಲ್ಲಿ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಮೂಲಕ ಸ್ಟೆರೈಲ್ ಟ್ಯೂಬಿಗೆ ಇಳಿಸಿ 4 ಡಿಗ್ರಿಯಲ್ಲಿಡಿ. ಫ್ರೀಜ್ ಮಾಡಬೇಡಿ, ಕರಗಿಸಿದಾಗ ಕಣ ಗುಂಪುಗಟ್ಟುವ ಅಪಾಯವಿದೆ.

ಕಣ ಬದುಕಿದೆಯೇ ಎಂದು ತಿಳಿಯಲು ಒಂದು ಹನಿ ದ್ರಾವಣಕ್ಕೆ ಒಂದು ಹನಿ ಪೆರಾಕ್ಸೈಡ್ ಹಾಕಿ ನೋಡಿ. ಬಣ್ಣ ಗಾಢ ಕಿತ್ತಳೆಗೆ ಹೊರಳಬೇಕು. ಇದರಿಂದ ಪ್ರಮಾಣವೇನೂ ತಿಳಿಯದು, ಆದರೆ ಪ್ರತಿ ಪ್ರಯೋಗದ ಬೆಳಿಗ್ಗೆ ಮಾಡಿನೋಡಲು ಒಂದು ನಿಮಿಷ ಸಾಕು.

ಎಷ್ಟಿದೆ, ಎಂಥದ್ದಿದೆ

ಒಣಗಿಸಿ ತೂಗಿದ ಲೆಕ್ಕವನ್ನು ನಂಬಬೇಡಿ, ಅದರಲ್ಲಿ ಡೆಕ್‌ಸ್ಟ್ರಾನ್ ತೂಕವೂ ಸೇರಿರುತ್ತದೆ. ಸೀರಿಯಂ ಪ್ರಮಾಣವನ್ನು ಐಸಿಪಿಯಲ್ಲಿ (ಲೋಹದ ಪ್ರಮಾಣ ಅಳೆಯುವ ಯಂತ್ರದಲ್ಲಿ) ಅಳೆಸಿ, ಅದೂ 0.22 ಫಿಲ್ಟರ್ ದಾಟಿದ ನಂತರ. ಫಿಲ್ಟರಿನಲ್ಲಿ ಎಷ್ಟು ಸಿಕ್ಕಿಕೊಂಡಿತೆಂಬುದು ಪ್ರತಿ ಸಲವೂ ಬೇರೆ. ಸ್ಯಾಂಪಲ್ ಕರಗಿಸುವಾಗ ಬರೀ ನೈಟ್ರಿಕ್ ಆಮ್ಲ ಸಾಲದು. ಸೀರಿಯಂ ಆಕ್ಸೈಡ್ ಅದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ, ಜೊತೆಗೆ ಸ್ವಲ್ಪ ಪೆರಾಕ್ಸೈಡ್ ಹಾಕಿ ಕಾಯಿಸಬೇಕು. ಸ್ಯಾಂಪಲ್ ಕೊಡುವಾಗಲೇ ಇದನ್ನು ಫಾರಂನಲ್ಲಿ ಬರೆಯದಿದ್ದರೆ ನಿಮ್ಮ ಸಾಂದ್ರತೆ ನಿಜಕ್ಕಿಂತ ಕಡಿಮೆ ಬರುತ್ತದೆ, ಅದರ ಮೇಲೆ ಕಟ್ಟಿದ ಡೋಸೆಲ್ಲ ತಪ್ಪುತ್ತದೆ.

ಡೋಸನ್ನು ಸೀರಿಯಂನ ಮೈಕ್ರೋಮೋಲಾರ್‌ನಲ್ಲೇ ಬರೆಯಿರಿ. ಬೇರೆಯವರ ಲೆಕ್ಕದೊಂದಿಗೆ ಹೋಲಿಸಬೇಕಾದರೆ, ಪ್ರತಿ ಮಿಲೀಗೆ 1 ಮೈಕ್ರೋಗ್ರಾಂ ಸೀರಿಯಂ ಆಕ್ಸೈಡ್ ಎಂದರೆ 5.8 ಮೈಕ್ರೋಮೋಲಾರ್. ಸ್ಟಾಕ್ (ನೀವು ಮಾಡಿಟ್ಟ ಮೂಲ ದ್ರಾವಣ) 20 ಮಿಲಿಮೋಲಾರ್ ಇದ್ದರೆ 50 ಮೈಕ್ರೋಮೋಲಾರ್‌ಗೆ ಪ್ರತಿ ಮಿಲೀ ಮೀಡಿಯಂಗೆ 2.5 ಮೈಕ್ರೋಲೀಟರ್.

ಟಿಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ತಿರುಳು 3ರಿಂದ 5 ನ್ಯಾನೋಮೀಟರ್ ಕಾಣಬೇಕು. ಡಿಎಲ್‌ಎಸ್‌ನಲ್ಲಿ (ಬೆಳಕು ಚೆದುರುವುದರಿಂದ ಗಾತ್ರ ಅಳೆಯುವ ವಿಧಾನ) ಅದೇ ಕಣ ದೊಡ್ಡದಾಗಿ ಬರುತ್ತದೆ, ಅಲ್ಲಿ ಹೊದಿಕೆಯೂ ಅದರ ಸುತ್ತಲಿನ ನೀರೂ ಸೇರಿರುವುದರಿಂದ. ಡಿಎಲ್‌ಎಸ್ ಅನ್ನು ನೀರಿನಲ್ಲೊಮ್ಮೆ, 10 ಶೇಕಡಾ ಸೀರಂ ಇರುವ ಮೀಡಿಯಂನಲ್ಲೊಮ್ಮೆ, ಆ ಮೀಡಿಯಂನಲ್ಲೇ 24 ಗಂಟೆ 37 ಡಿಗ್ರಿಯಲ್ಲಿಟ್ಟು ಇನ್ನೊಮ್ಮೆ ಮಾಡಿ. ಕೋಶ ನೋಡುವುದು ಮೂರನೆಯ ಕಣವನ್ನು. 3+ ಮತ್ತು 4+ ಪಾಲು ತಿಳಿಯಲು ಎಕ್ಸ್‌ಪಿಎಸ್ (ಎಕ್ಸ್-ಕಿರಣ ಬಿಟ್ಟು ಮೇಲ್ಮೈ ನೋಡುವ ಪರೀಕ್ಷೆ) ಮಾಡಿಸುವವರು ಒಂದು ನೆನಪಿಡಿ: ನಿರ್ವಾತದಲ್ಲಿ ಎಕ್ಸ್‌-ಕಿರಣ ಬೀಳುತ್ತಿದ್ದಂತೆ 4+ ಸೀರಿಯಂ 3+ ಆಗಿ ಇಳಿಯುತ್ತದೆ, ಹಾಗಾಗಿ ಸಿಕ್ಕ ಅಂಕಿ 3+ ಕಡೆಗೆ ವಾಲಿರುತ್ತದೆ.

ಕೋಶ, ಮೀಡಿಯಂ, ವಾರದ ಲೆಕ್ಕ

ಹ್ಯಾಕ್ಯಾಟ್ ಚರ್ಮಕೋಶಗಳಿಂದ ಶುರುಮಾಡಿ. ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಮೂರು ನಾಲ್ಕು ಸಲ ತೊಳೆದರೂ ಕಿತ್ತು ಬರುವುದಿಲ್ಲ; ಈ ಪ್ರಯೋಗಕ್ಕೆ ಬೇಕಾದ್ದೇ ಆ ಗುಣ. ಇವುಗಳ ಪಿ53 ಜೀನ್ ಕೆಟ್ಟಿರುತ್ತದೆ, ಆದ್ದರಿಂದ ಸಾಯುವ ರೀತಿ ನಿಜ ಚರ್ಮದ ಕೋಶದಂತೆಯೇ ಇರುವುದಿಲ್ಲ ಎಂಬುದು ಫಲಿತಾಂಶ ಬರೆಯುವಾಗ ನೆನಪಿರಲಿ.

ಎನ್‌ಸಿಸಿಎಸ್‌ನಿಂದ ತಂದ ಟಿ-25 ಫ್ಲಾಸ್ಕನ್ನು ಮುಂಬೈಗೋ ಬೆಳಗಾವಿಗೋ ಒಯ್ಯುವವರು ಕುತ್ತಿಗೆಯವರೆಗೂ ಮೀಡಿಯಂ ತುಂಬಿ, ಮುಚ್ಚಳ ಬಿಗಿದು, ಪ್ಯಾರಾಫಿಲ್ಮ್ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೋಣೆಯ ಉಷ್ಣತೆಯಲ್ಲೇ ಒಯ್ಯಿರಿ. ಐಸ್ ಬೇಡ. ಅರ್ಧ ತುಂಬಿದ ಫ್ಲಾಸ್ಕಾದರೆ ಘಾಟಿನ ತಿರುವುಗಳಲ್ಲಿ ಮೀಡಿಯಂ ಆಚೀಚೆ ಬಡಿದು ಕೋಶಗಳನ್ನು ಎಬ್ಬಿಸಿಬಿಡುತ್ತದೆ. ತಲುಪಿದ ಮೇಲೆ ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಸುಧಾರಿಸಿಕೊಳ್ಳಲಿ. ಪ್ರಯೋಗಕ್ಕೆ ಮುನ್ನ ಮೈಕೋಪ್ಲಾಸ್ಮಾ (ಕಲ್ಚರಿಗೆ ಸೇರಿಕೊಳ್ಳುವ ಅತಿ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆ ಕಡ್ಡಾಯ. ಅದು ಸೇರಿದ್ದರೆ ಮೀಡಿಯಂ ಕಲಕುವುದಿಲ್ಲ, ಕಣ್ಣಿಗೆ ಏನೂ ಕಾಣದು, ಆದರೆ ಕೋಶ ಒತ್ತಡಕ್ಕೆ ಸ್ಪಂದಿಸುವ ರೀತಿಯೇ ಬದಲಾಗಿರುತ್ತದೆ.

ಬೆಳೆಸಲು ಹೆಚ್ಚು ಗ್ಲೂಕೋಸಿನ ಡಿಎಂಇಎಂ ಮೀಡಿಯಂ, 10 ಶೇಕಡಾ ಎಫ್‌ಬಿಎಸ್ (ಕರುವಿನ ಸೀರಂ). ಪೆರಾಕ್ಸೈಡ್ ಹಾಕುವ ದಿನಕ್ಕೆ ಮಾತ್ರ ಬೇರೆ ಬಾಟಲಿ: ಸೀರಂ ಇಲ್ಲದ, ಫೀನಾಲ್ ರೆಡ್ ಇಲ್ಲದ, ಮುಖ್ಯವಾಗಿ ಸೋಡಿಯಂ ಪೈರುವೇಟ್ ಇಲ್ಲದ ಡಿಎಂಇಎಂ. ಲೇಬಲ್ಲಿನಲ್ಲಿ ಸೋಡಿಯಂ ಪೈರುವೇಟ್ ಲೀಟರಿಗೆ 110 ಮಿಲಿಗ್ರಾಂ ಎಂದಿದ್ದರೆ ಅದು 1 ಮಿಲಿಮೋಲಾರ್. ಒಂದು ಪೈರುವೇಟ್ ಅಣು ಒಂದು ಪೆರಾಕ್ಸೈಡ್ ಅಣುವನ್ನು ನುಂಗುತ್ತದೆ. ಅಂಥ ಮೀಡಿಯಂಗೆ 400 ಮೈಕ್ರೋಮೋಲಾರ್ ಪೆರಾಕ್ಸೈಡ್ ಹಾಕಿ ಕೋಶ ಸಾಯಲಿಲ್ಲವೆಂದು ಪೆರಾಕ್ಸೈಡ್ ಬಾಟಲಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಒಂದೇ ಹೆಸರಿನ ಡಿಎಂಇಎಂ ಪೈರುವೇಟ್ ಇದ್ದೂ ಇಲ್ಲದೆಯೂ ಸಿಗುತ್ತದೆ. ಕಂಪನಿಯ ಹೆಸರಲ್ಲ, ಸೂತ್ರದ ಪಟ್ಟಿ ಓದಿ ತರಿಸಿ.

ಒಟ್ಟು ನಾಲ್ಕು ದಿನದ ಕೆಲಸ. ಪುಣೆಯಲ್ಲಿ ದುರಸ್ತಿಗೆಂದು ನೀರು, ಕರೆಂಟು ನಿಲ್ಲಿಸುವುದು ಸಾಮಾನ್ಯವಾಗಿ ಗುರುವಾರ. ಶನಿವಾರ ಕೋಶ ಹಾಕಿ, ಭಾನುವಾರ ಕಣ ಕೊಟ್ಟು, ಸೋಮವಾರ ಪೆರಾಕ್ಸೈಡ್, ಮಂಗಳವಾರ ರೀಡಿಂಗ್ ಎಂದು ಇಟ್ಟುಕೊಂಡರೆ ಗುರುವಾರದ ತಂಟೆ ಇರುವುದಿಲ್ಲ. ಮುಂಬೈ ಮತ್ತು ಗೋವಾದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಿಂತೆ ಬೇರೆ, ಬೂಷ್ಟು. ಇನ್‌ಕ್ಯುಬೇಟರಿನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಬದಲಿಸಿ, ಎಸಿ ಫಿಲ್ಟರ್ ತೊಳೆಸಿ, ಒದ್ದೆ ಕೊಡೆ ಮತ್ತು ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ರೂಮಿನ ಬಾಗಿಲಾಚೆಯೇ ಬಿಡಿ. ನೆನೆದ ರಟ್ಟು ಬೂಷ್ಟಿನ ತವರು.

ಮೊದಲು ಎರಡು ಅಳತೆ ಗೊತ್ತುಮಾಡಿ

ಮುಖ್ಯ ಪ್ಲೇಟಿಗೆ ಕೈ ಹಾಕುವ ಮೊದಲು ಎರಡು ಸಣ್ಣ ಪ್ರಯೋಗ ಬೇಕು. ಕಣದ ಡೋಸಿಗೆ 1, 5, 10, 25, 50, 100, 250 ಮೈಕ್ರೋಮೋಲಾರ್ ಕೊಟ್ಟು 24 ಮತ್ತು 48 ಗಂಟೆ ನೋಡಿ. ಎರಡೂ ಹೊತ್ತಿಗೆ 95 ಶೇಕಡಾ ಕೋಶ ಬದುಕಿರುವ ಅತಿ ಹೆಚ್ಚಿನ ಡೋಸಿನ ಅರ್ಧವನ್ನು ಆರಿಸಿಕೊಳ್ಳಿ.

ಪೆರಾಕ್ಸೈಡಿನದು ಇನ್ನೂ ಸೂಕ್ಷ್ಮ. 30 ಶೇಕಡಾ ಬಾಟಲಿ ಸುಮಾರು 9.8 ಮೋಲಾರ್ ಎಂದು ಪುಸ್ತಕ ಹೇಳುತ್ತದೆ, ಆದರೆ ಎಷ್ಟೋ ಸಲ ತೆರೆದು ಮುಚ್ಚಿದ ಬಾಟಲಿ ಹಾಗಿರುವುದಿಲ್ಲ. 10.2 ಮೈಕ್ರೋಲೀಟರನ್ನು 10 ಮಿಲೀ ನೀರಿಗೆ ಹಾಕಿ, ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ 240 ನ್ಯಾನೋಮೀಟರಿನಲ್ಲಿ ಓದಿ. ಸರಿಯಾಗಿ 10 ಮಿಲಿಮೋಲಾರ್ ಇದ್ದರೆ 0.436 ಬರಬೇಕು. ಬಂದ ಅಂಕಿಯನ್ನು 43.6ರಿಂದ ಭಾಗಿಸಿದರೆ ನಿಜವಾದ ಮೋಲಾರ್ ಸಿಗುತ್ತದೆ. ಇದನ್ನು ಪ್ರತಿ ಸಲ ಮಾಡಬೇಕು, ತೆಳುಮಾಡಿದ್ದನ್ನು ಒಂದು ಗಂಟೆಯೊಳಗೆ ಬಳಸಬೇಕು.

100ರಿಂದ 1000 ಮೈಕ್ರೋಮೋಲಾರ್‌ವರೆಗೆ ಏಳೆಂಟು ಹಂತ ಕೊಟ್ಟು, ಸುಮಾರು ಅರ್ಧ ಕೋಶಗಳು ಬದುಕುಳಿಯುವ ಡೋಸ್ ಹುಡುಕಿ. ಎಲ್ಲ ಸಾಯುವ ಡೋಸಿಗೆ ಯಾವ ಕಣವೂ ಉತ್ತರ ಕೊಡಲಾರದು. ಹತ್ತು ಶೇಕಡಾ ಸಾಯುವ ಡೋಸಿನಲ್ಲಿ ರಕ್ಷಣೆ ತೋರಿಸಲು ಜಾಗವೇ ಇರುವುದಿಲ್ಲ. ಈ ಡೋಸ್ ಕೋಶದ ಸಂಖ್ಯೆಯ ಜೊತೆ ಬದಲಾಗುತ್ತದೆ. ದಟ್ಟವಾಗಿ ಬೆಳೆದ ಕೋಶಗಳು ಒಟ್ಟಾಗಿ ಪೆರಾಕ್ಸೈಡನ್ನು ಬೇಗ ಮುಗಿಸುತ್ತವೆ. ವೆಲ್ಲಿಗೆ 10,000 ಕೋಶ ಎಂದು ಗೊತ್ತುಮಾಡಿಕೊಂಡರೆ ಕೊನೆಯವರೆಗೂ ಅದೇ ಇರಲಿ, ಪೆರಾಕ್ಸೈಡ್ ಮೀಡಿಯಂ 100 ಮೈಕ್ರೋಲೀಟರ್ ಎಂದರೆ 100 ಇರಲಿ.

ಮುಖ್ಯ ಪ್ಲೇಟು

96 ವೆಲ್ಲಿನಲ್ಲಿ ಅಂಚಿನ 36 ವೆಲ್ಲಿಗೆ ಬರೀ ಸ್ಟೆರೈಲ್ ನೀರು ಹಾಕಿ, ಅಲ್ಲಿ ಆವಿಯಾಗುವುದು ಹೆಚ್ಚು. ಒಳಗೆ ಉಳಿಯುವ 60 ವೆಲ್ ಎಂದರೆ ಆರಾರು ವೆಲ್ಲಿನ ಹತ್ತು ಸಾಲು. ಆ ಹತ್ತು ಸಾಲನ್ನು ಹೀಗೆ ಬಳಸಿ.

ಮೊದಲ ನಾಲ್ಕು ಎಲ್ಲರಿಗೂ ಗೊತ್ತಿರುವವು: ಏನೂ ಕೊಡದ ಕೋಶ, ಪೆರಾಕ್ಸೈಡ್ ಮಾತ್ರ, ಕಣ ಮಾತ್ರ, ಕಣ ಕೊಟ್ಟು 24 ಗಂಟೆ ಬಿಟ್ಟು ತೊಳೆದು ಪೆರಾಕ್ಸೈಡ್. ಇಷ್ಟಕ್ಕೇ ನಿಲ್ಲಿಸಿದ ಪ್ರಯೋಗ ನಮ್ಮ ಪ್ರಶ್ನೆಗೆ ಉತ್ತರಿಸದು. ಉತ್ತರ ಬರುವುದು ಮುಂದಿನ ಸಾಲುಗಳಿಂದ.

ಐದನೆಯದರಲ್ಲಿ ಕಣ ಕೊಟ್ಟು 24 ಗಂಟೆ ಬಿಟ್ಟು, ತೊಳೆಯದೆ ಪೆರಾಕ್ಸೈಡ್ ಹಾಕಬೇಕು. ಇಲ್ಲಿ ಮೀಡಿಯಂ ಬದಲಿಸುವಂತಿಲ್ಲವಾದ್ದರಿಂದ ಈ ಸಾಲಿಗೆ ಕಣವನ್ನು ಮೊದಲೇ ಪೈರುವೇಟ್ ಇಲ್ಲದ ಮೀಡಿಯಂನಲ್ಲಿ ಕೊಟ್ಟಿರಿ. ಆರನೆಯದರಲ್ಲಿ ಕಣವನ್ನು ಪೆರಾಕ್ಸೈಡಿಗೆ ಐದು ನಿಮಿಷ ಮುಂಚೆ ಹಾಕಿ, ನಾಲ್ಕನೆಯ ಸಾಲಿನಂತೆಯೇ ತೊಳೆದು ಪೆರಾಕ್ಸೈಡ್ ಕೊಡಿ. ಐದು ನಿಮಿಷದಲ್ಲಿ ಕಣ ಕೋಶದೊಳಗೆ ಹೆಚ್ಚು ಹೋಗಿರುವುದಿಲ್ಲ, ಪ್ಲಾಸ್ಟಿಕ್ಕಿಗೂ ಕೋಶದ ಹೊರಮೈಗೂ ಅಂಟಿಕೊಂಡದ್ದು ಮಾತ್ರ ಉಳಿದಿರುತ್ತದೆ. ಆರನೆಯ ಸಾಲು ನಾಲ್ಕನೆಯದರಷ್ಟೇ ರಕ್ಷಣೆ ತೋರಿಸಿದರೆ ನಿಮ್ಮ ತೊಳೆತ ಸಾಲದು, ಒಳಗಿನ ರಕ್ಷಣೆಯ ಮಾತು ಆಡುವ ಹಾಗಿಲ್ಲ.

ಏಳನೆಯದಕ್ಕೆ ಆಗ ಎತ್ತಿಟ್ಟ ಕೊನೆಯ ತೊಳೆತದ ನೀರು. ಕಣದ ಸ್ಟಾಕ್ ಎಷ್ಟು ಹಾಕುತ್ತೀರೋ ಅಷ್ಟೇ ಇದನ್ನೂ ಹಾಕಿ, 24 ಗಂಟೆ ಬಿಟ್ಟು ತೊಳೆದು ಪೆರಾಕ್ಸೈಡ್ ಕೊಡಿ. ಸ್ಟಾಕಿನಲ್ಲಿ ಉಳಿದ ಅಮೋನಿಯಾ, ಬಿಡಿ ಸೀರಿಯಂ ಅಯಾನು, ಎಂಡೋಟಾಕ್ಸಿನ್ ತುಣುಕು ಯಾವುದಾದರೂ ಕೋಶವನ್ನು ಸಣ್ಣಗೆ ಕೆಣಕಿದರೆ ಕೋಶ ತಾನೇ ಎನ್‌ಆರ್‌ಎಫ್2 ದಾರಿಯಿಂದ ತನ್ನ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಮರುದಿನದ ಹೊಡೆತಕ್ಕೆ ಸಜ್ಜಾಗಿರುತ್ತದೆ. ಅದು ಕಣದ ಪುಣ್ಯವಲ್ಲ. ಏಳನೆಯ ಸಾಲು ಎದ್ದು ನಿಂತರೆ ಕಣವನ್ನು ಮತ್ತೆ ತೊಳೆಯಿರಿ.

ಎಂಟನೆಯದು ಬರೀ ಡೆಕ್‌ಸ್ಟ್ರಾನ್, ಮಿಲೀಗೆ 100 ಮೈಕ್ರೋಗ್ರಾಂ. ಒಂಬತ್ತನೆಯದು ಗೊತ್ತಿರುವ ರಕ್ಷಕ: 5 ಮಿಲಿಮೋಲಾರ್ ಎನ್-ಅಸಿಟೈಲ್ ಸಿಸ್ಟೀನ್, ಎರಡು ಗಂಟೆ ಮುಂಚೆ. ಅದು ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7.4ಕ್ಕೆ ತರದಿದ್ದರೆ ಅದೇ ಕೋಶವನ್ನು ಸುಡುತ್ತದೆ. ಹತ್ತನೆಯದರಲ್ಲಿ ಕೋಶವೇ ಇಲ್ಲ, ಕಣ ಮತ್ತು ಎಂಟಿಟಿ ಮಾತ್ರ.

ಕೆಲಸದ ಕ್ರಮ ಹೀಗೆ. ಕೋಶ ಹಾಕಿ 24 ಗಂಟೆ. ಕಣವನ್ನು ಸೀರಂ ಇರುವ ಮೀಡಿಯಂನಲ್ಲಿ ಕೊಟ್ಟು 24 ಗಂಟೆ. ಐದನೆಯ ಸಾಲಿನ ಮೀಡಿಯಂನಲ್ಲೂ ಸೀರಂ ಇರಲಿ. ಆಮೇಲೆ ಬೆಚ್ಚಗಿನ ಹೆಪಿಸ್ ಸಲೈನಿನಲ್ಲಿ (ಫಾಸ್ಫೇಟ್ ಇಲ್ಲದ ಉಪ್ಪುನೀರಿನಲ್ಲಿ) ಮೂರು ಸಲ ತೊಳೆಯಿರಿ: ಸೋಡಿಯಂ ಕ್ಲೋರೈಡ್ 150 ಮಿಲಿಮೋಲಾರ್, ಹೆಪಿಸ್ 10, ಗ್ಲೂಕೋಸ್ 5, ಕ್ಯಾಲ್ಸಿಯಂ ಕ್ಲೋರೈಡ್ 1.8, ಪಿಎಚ್ 7.4. ಪಿಬಿಎಸ್ ಬೇಡವೆಂದು ಮೇಲೆ ಹೇಳಿದ್ದೇವೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಹ್ಯಾಕ್ಯಾಟ್ ಒಂದರಿಂದೊಂದು ಬಿಡಿಸಿಕೊಳ್ಳತೊಡಗುತ್ತವೆ. ದ್ರವ ತೆಗೆಯುವಾಗ ಪ್ಲೇಟನ್ನು ಓರೆ ಹಿಡಿದು, ಮಲ್ಟಿಚಾನಲ್ ಪಿಪೆಟ್ಟಿನ ತುದಿಯನ್ನು ವೆಲ್ಲಿನ ಗೋಡೆ ಮತ್ತು ತಳ ಸೇರುವ ಮೂಲೆಗೆ ತಾಗಿಸಿ, ಯಾವಾಗಲೂ ಒಂದೇ ಮೂಲೆಗೆ. ವ್ಯಾಕ್ಯೂಮ್ ಬಳಸಬೇಡಿ. ಹಾಕುವಾಗಲೂ ಗೋಡೆಯ ಮೇಲಿಂದ ಇಳಿಬಿಡಿ. ಮೊದಲ ಸಾಲನ್ನೂ ಅಷ್ಟೇ ಸಲ ತೊಳೆಯಬೇಕು, ಇಲ್ಲದಿದ್ದರೆ ತೊಳೆತದಲ್ಲಿ ಹೋದ ಕೋಶಗಳು ಪೆರಾಕ್ಸೈಡಿನ ಖಾತೆಗೆ ಬೀಳುತ್ತವೆ.

ಪೆರಾಕ್ಸೈಡ್ ಎರಡು ಗಂಟೆ. ಅದನ್ನು ತೆಗೆದು ಪೂರ್ತಿ ಮೀಡಿಯಂ ಹಾಕಿ. ಈಗ ಪೈರುವೇಟ್ ಇದ್ದರೆ ಒಳ್ಳೆಯದೇ, ಉಳಿದ ಪೆರಾಕ್ಸೈಡನ್ನು ಅದು ನಿಲ್ಲಿಸುತ್ತದೆ. ಮತ್ತೆ 24 ಗಂಟೆ ಬಿಟ್ಟು ಅಳೆಯಿರಿ. ಎರಡು ಗಂಟೆಗೇ ಎಂಟಿಟಿ ಮಾಡಿದರೆ ಸಾಯಲಿರುವ ಕೋಶಗಳೂ ಬದುಕಿದಂತೆ ಕಾಣುತ್ತವೆ.

ಅಳತೆಯಲ್ಲಿ ಕಣ ಮಾಡುವ ಮೋಸ

ಎಂಟಿಟಿಗೆ ಮೀಡಿಯಂ ತೆಗೆದು, ಮಿಲೀಗೆ 0.5 ಮಿಲಿಗ್ರಾಂ ಎಂಟಿಟಿ ಇರುವ ಹೊಸ ಮೀಡಿಯಂ 100 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ ಮೂರು ಗಂಟೆ ಇಡಿ. ಆಮೇಲೆ ದ್ರವ ತೆಗೆದು 100 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿ ನೇರಳೆ ಹರಳು ಕರಗಿಸಿ, 570ರಲ್ಲಿ ಓದಿ, 690ರ ಓದನ್ನು ಕಳೆಯಿರಿ. ಹತ್ತನೆಯ ಸಾಲಿನಲ್ಲಿ ಬಣ್ಣ ಕಂಡರೆ ಅಷ್ಟನ್ನೂ ಕಳೆಯಬೇಕು. ಎಂಟಿಟಿ ಒಂದನ್ನೇ ನಂಬದೆ, ಇನ್ನೊಂದು ಪ್ಲೇಟಿನಲ್ಲಿ ಪ್ರೊಪಿಡಿಯಂ ಅಯೊಡೈಡ್ ಹಾಕಿ ಸತ್ತ ಕೋಶ ಎಣಿಸಿ, ಅಥವಾ ಅಂಟಿ ಉಳಿದ ಕೋಶಗಳಿಗೆ ಬಣ್ಣ ಹಾಕುವ ಕ್ರಿಸ್ಟಲ್ ವಯಲೆಟ್ ಪರೀಕ್ಷೆ ಮಾಡಿ. ಎರಡೂ ಒಂದೇ ಮಾತು ಹೇಳಬೇಕು.

ರಕ್ಷಣೆಯ ಲೆಕ್ಕ: ಕಣ ಕೊಟ್ಟು ಪೆರಾಕ್ಸೈಡ್ ಹಾಕಿದ ಅಂಕಿಯಿಂದ ಪೆರಾಕ್ಸೈಡ್ ಮಾತ್ರದ ಅಂಕಿ ಕಳೆದು, ಅದನ್ನು ಪೆರಾಕ್ಸೈಡ್ ಕಳೆದುಹಾಕಿದ ಪಾಲಿನಿಂದ ಭಾಗಿಸಿ. ಏನೂ ಕೊಡದ್ದು 100, ಪೆರಾಕ್ಸೈಡ್ ಮಾತ್ರ 48, ಕಣದ ಜೊತೆ 74 ಎಂದುಕೊಳ್ಳಿ: 26ನ್ನು 52ರಿಂದ ಭಾಗಿಸಿದರೆ ಕಳೆದುಹೋದದ್ದರಲ್ಲಿ ಅರ್ಧ ಉಳಿದಿದೆ. ಆರು ವೆಲ್ಲುಗಳು ಆರು ಪ್ರಯೋಗವಲ್ಲ. ಬೇರೆ ದಿನ, ಬೇರೆ ಪ್ಯಾಸೇಜಿನ (ಹೊಸ ಫ್ಲಾಸ್ಕಿಗೆ ಮತ್ತೆ ಹಚ್ಚಿ ಬೆಳೆಸಿದ) ಕೋಶದಲ್ಲಿ ಕನಿಷ್ಠ ಮೂರು ಸಲ ಮಾಡಿದ ಸರಾಸರಿಗಳ ಮೇಲೆ ಮಾತ್ರ ಸಂಖ್ಯಾಶಾಸ್ತ್ರ ನಡೆಸಿ.

ಕೋಶದೊಳಗಿನ ಆಕ್ಸಿಡೇಟಿವ್ ಒತ್ತಡಕ್ಕೆ ಡಿಸಿಎಫ್‌ಎಚ್-ಡಿಎ ಬಣ್ಣ 10 ಮೈಕ್ರೋಮೋಲಾರ್, ಕತ್ತಲಲ್ಲಿ 30 ನಿಮಿಷ, ತೊಳೆದು ಪೆರಾಕ್ಸೈಡ್ ಕೊಟ್ಟು 485ರಲ್ಲಿ ಬೆಳಕು ಬಿಟ್ಟು 530ರಲ್ಲಿ ಓದುವುದು ರೂಢಿ. ಅದನ್ನು ಅಂಜುತ್ತಲೇ ಬಳಸಿ. ಈ ಬಣ್ಣ ಪೆರಾಕ್ಸೈಡಿನೊಂದಿಗೆ ನೇರವಾಗಿ ಸೇರುವುದಿಲ್ಲ, ನಡುವೆ ಕಬ್ಬಿಣವೋ ಪೆರಾಕ್ಸಿಡೇಸೋ ಬೇಕು. ಬೆಳಕಿಗೇ ಹೊಳೆಯುತ್ತದೆ. ಸೀರಿಯಂ ಕಣ ಆಮ್ಲೀಯ ಜಾಗದಲ್ಲಿ ಅದನ್ನು ತಾನೇ ಉತ್ಕರ್ಷಿಸಬಲ್ಲದು. ಕೋಶವಿಲ್ಲದ ವೆಲ್ಲಿನಲ್ಲಿ ಬಣ್ಣ ಮತ್ತು ಕಣ ಮಾತ್ರ ಹಾಕಿ ನೋಡದ ಡಿಸಿಎಫ್ ಗ್ರಾಫನ್ನು ನಾವು ಪುರಾವೆ ಎಂದು ಒಪ್ಪುವುದಿಲ್ಲ.

ಹೊರಗೋ ಒಳಗೋ ಎಂಬುದಕ್ಕೆ ಇನ್ನೂ ಎರಡು ಸಾಕ್ಷಿ ಸೇರಿಸಿದರೆ ಪ್ರಯೋಗ ಗಟ್ಟಿಯಾಗುತ್ತದೆ. ತೊಳೆದ ಮೇಲೆ ಪೆರಾಕ್ಸೈಡ್ ಹಾಕಿ 10, 30, 60 ನಿಮಿಷಕ್ಕೆ ಮೀಡಿಯಂ ತೆಗೆದು, 30 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಕಣ ಬೇರ್ಪಡಿಸಿ, ಉಳಿದ ಪೆರಾಕ್ಸೈಡನ್ನು ಕ್ಸೈಲಿನಾಲ್ ಆರೆಂಜ್ ವಿಧಾನದಲ್ಲಿ ಅಳೆಯಿರಿ. ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಪೆರಾಕ್ಸೈಡ್ ಇಳಿಯುವ ವೇಗ ಒಂದೇ ಇದ್ದು ನಾಲ್ಕನೆಯದರಲ್ಲಿ ಕೋಶ ಹೆಚ್ಚು ಉಳಿದಿದ್ದರೆ, ರಕ್ಷಣೆ ಒಳಗಿನದು ಎನ್ನಲು ಆಧಾರ ಸಿಕ್ಕಿತು. ಇನ್ನೊಂದು, ಮೆನಡಿಯೋನ್. ಅದು ಕೋಶದ ಒಳಗೆ ಹೋಗಿ ಅಲ್ಲೇ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ, ಹೊರಗಿನ ಕಣಕ್ಕೆ ಮುಂಚೆಯೇ ಮುಗಿಸುವ ಅವಕಾಶ ಕಡಿಮೆ. 10ರಿಂದ 50 ಮೈಕ್ರೋಮೋಲಾರ್ ನಡುವೆ ನಿಮ್ಮ ಕೋಶಗಳಲ್ಲಿ ಅರ್ಧ ಬದುಕುಳಿಯುವ ಡೋಸ್ ಹುಡುಕಿಕೊಂಡು ಅದೇ ಪ್ಲೇಟನ್ನು ಮತ್ತೆ ಮಾಡಿ. ಪೆರಾಕ್ಸೈಡಿಗೆ ಕಾಪಾಡಿದ ಕಣ ಮೆನಡಿಯೋನಿಗೆ ಕಾಪಾಡದಿದ್ದರೆ ಮೊದಲು ಫಾಸ್ಫೇಟ್ ಎಲ್ಲಾದರೂ ನುಸುಳಿದೆಯೇ ನೋಡಿ. ಡಿಎಂಇಎಂನಲ್ಲೇ ಸುಮಾರು 0.9 ಮಿಲಿಮೋಲಾರ್ ಫಾಸ್ಫೇಟ್ ಇದೆ, ಆದ್ದರಿಂದ ಕಣವನ್ನು ಮೀಡಿಯಂಗೆ ಬೆರೆಸಿ ಇಟ್ಟುಕೊಳ್ಳದೆ ಆಗಿಂದಾಗಲೇ ಬೆರೆಸಿ ಕೊಡಬೇಕು.

ಒತ್ತಡಕ್ಕೆ ಪೆರಾಕ್ಸೈಡಿನ ಬದಲು ಯುವಿ-ಬಿ ದೀಪ ಬಳಸುವವರಿಗೂ ಇದೇ ಎಚ್ಚರ. ಸೀರಿಯಂ ಆಕ್ಸೈಡ್ ಆ ಬೆಳಕನ್ನು ಹೀರುತ್ತದೆ. ತೊಳೆಯದ ಕಣ ಕೊಡೆ ಹಿಡಿದಂತೆ, ಕೋಶಕ್ಕೆ ಬೆಳಕೇ ಬೀಳುವುದಿಲ್ಲ. ದೀಪ ಹಾಕುವ ಮೊದಲು ತೊಳೆದು, ಸಲೈನಿನ ತೆಳುಪದರದಲ್ಲಿ ಮುಚ್ಚಳ ತೆಗೆದು ಮಾಡಿ. ಪ್ಲಾಸ್ಟಿಕ್ ಮುಚ್ಚಳವೂ ಯುವಿ-ಬಿ ತಡೆಯುತ್ತದೆ.

ಕಣ ಒಳಗೆ ಹೋಗಿದೆ ಎಂಬುದನ್ನು ಕೊನೆಗೆ ಐಸಿಪಿಯಿಂದಲೇ ಹೇಳಿಸಿ. 6 ವೆಲ್ ಪ್ಲೇಟಿನಲ್ಲಿ ಅದೇ ಡೋಸ್, ಅದೇ ತೊಳೆತ, ಆಮೇಲೆ ಇಡಿಟಿಎ ಮತ್ತು ಟ್ರಿಪ್ಸಿನ್ ಹಾಕಿ ಬಿಡಿಸಿದ ಕೋಶ ಎಣಿಸಿ, ಹತ್ತು ಲಕ್ಷ ಕೋಶವನ್ನಾದರೂ ನೈಟ್ರಿಕ್ ಆಮ್ಲ ಮತ್ತು ಪೆರಾಕ್ಸೈಡಿನಲ್ಲಿ ಕರಗಿಸಿ, ಕೋಶಕ್ಕೆ ಎಷ್ಟು ಪಿಕೋಗ್ರಾಂ ಎಂದು ಬರೆಯಿರಿ. ಐದು ನಿಮಿಷದ ಸಾಲಿನ ಕೋಶಗಳನ್ನೂ ಜೊತೆಗೇ ಕಳಿಸಿ. ಅವುಗಳ ಅಂಕಿಯನ್ನು ಕಳೆದ ಮೇಲೆ ಉಳಿದದ್ದೇ ಒಳಗೆ ಹೋದದ್ದು.

ಕಣ ಸೇರಿದ ಮೀಡಿಯಂ, ತೊಳೆದ ಸಲೈನು, ಫಿಲ್ಟರಿನ ನೀರು ಯಾವುದೂ ಸಿಂಕಿಗೆ ಹೋಗಬಾರದು. ಮಾನವ ಕೋಶ ಸೇರಿದ ದ್ರವವನ್ನು ಆಟೋಕ್ಲೇವ್ ಮಾಡಿ, 'ಸೀರಿಯಂ ನ್ಯಾನೋಕಣ' ಎಂದು ಚೀಟಿ ಹಚ್ಚಿದ ಕ್ಯಾನಿನಲ್ಲಿ ಸಂಗ್ರಹಿಸಿ ಸಂಸ್ಥೆಯ ರಾಸಾಯನಿಕ ತ್ಯಾಜ್ಯದವರಿಗೆ ಕೊಡಿ. ಅದಕ್ಕೆ ಬ್ಲೀಚ್ ಸುರಿಯಬೇಡಿ: ಅಮೋನಿಯಾ ಉಳಿದಿದ್ದರೆ ಕ್ಲೋರಮಿನ್ ಅನಿಲ ಏಳುತ್ತದೆ.